ಹಿತ್ತಲಲ್ಲೇ ಇದ್ದ ಚುಕ್ಕಿ

“ಅಪ್ಪ ಮನೇಲಿಲ್ಲ ಕಣೋ,” ಅಂದಳು ಅಕ್ಕ.

ನಾನು ಟೊಮೆಟೊ ಲಾರಿಯ ಸ್ಟೀರಿಂಗ್ ಕೆಳಗೆ ತಲೆ ತೂರಿಸಿಕೊಂಡು ಅಂಗಾತ ಮಲಗಿದ್ದೆ. ಹಲ್ಲಲ್ಲಿ ಟೇಪು, ಕೈಯಲ್ಲಿ ಎರಡು ವೈರು. ಫೋನು ಎದೆಯ ಮೇಲಿತ್ತು, ಸ್ಪೀಕರ್ ಹಾಕಿದ್ದೆ. ಲಾರಿ ಮಾಲೀಕ ಬಾಗಿಲು ಹಿಡಿದು ನಿಂತು ಆಯ್ತಾ ಆಯ್ತಾ ಅಂತ ಕೇಳುತ್ತಲೇ ಇದ್ದ.

“ಸರಿಯಾಗಿ ನೋಡಕ್ಕ. ಅಲ್ಲೇ ಇರ್ತಾನೆ.”

“ಒಳಗಿಲ್ಲ, ಜಗಲಿ ಮೇಲಿಲ್ಲ. ಹುಳಕ್ಕೆ ಸೊಪ್ಪು ಕುಯ್ಕೊಂಡು ಬರೋ ಅಷ್ಟರಲ್ಲಿ ಇಲ್ಲ.”

ವೈರು ಬಿಟ್ಟು ಫೋನು ತೆಗೆದು ನೋಡಿದೆ. ಮ್ಯಾಪಿನಲ್ಲಿ ನಮ್ಮ ಮನೆ ಇತ್ತು. ಮನೆಯ ಸುತ್ತ ನಾನೇ ಎಳೆದಿದ್ದ ಗುಂಡನೆಯ ಗೆರೆ ಇತ್ತು. ಗೆರೆಯ ಒಳಗೆ ಹಸಿರು ಚುಕ್ಕಿ. ಕೆಳಗೆ ಇಂಗ್ಲಿಷಿನಲ್ಲಿ ‘ಮೂವಿಂಗ್’ ಅಂತ ಬರೆದಿತ್ತು. ಆ ಪದ ನನಗೆ ಓದಲು ಬರುತ್ತದೆ, ದಿನಾ ನೋಡುವ ಪದ. ಅಂದರೆ ಅಪ್ಪ ಎದ್ದು ಓಡಾಡುತ್ತಿದ್ದಾನೆ.

“ಹಿತ್ತಲಲ್ಲಿದಾನೆ ನೋಡು. ಓಡಾಡ್ತಾ ಇದಾನೆ.”

“ಹಿತ್ತಲೂ ನೋಡ್ದೆ ಕಣೋ.”

“ಇನ್ನೊಂದ್ಸಲ ನೋಡು. ಹುಲ್ಲಿನ ಮೆದೆ ಹಿಂದೆ ನೋಡು. ಗೆರೆ ದಾಟಿದ್ರೆ ನನ್ ಫೋನ್ ಬಡ್ಕೊಳ್ತಿತ್ತು. ಬಡ್ಕೊಂಡಿಲ್ಲ.”

ಫೋನು ಇಟ್ಟೆ. ಆಗ ಹನ್ನೊಂದು ಗಂಟೆ ಇರಬಹುದು. ಮತ್ತೆ ಲಾರಿ ಕೆಳಗೆ ತಲೆ ಹಾಕಿದೆ.

ನನ್ನ ಕೆಲಸ ಅದೇ. ಕೋಲಾರದಲ್ಲಿ ಒಬ್ಬ ಭಾಯ್ ಅಂಗಡಿಯಲ್ಲಿ ಗಾಡಿಗಳಿಗೆ ಜಿಪಿಎಸ್ ಕೂರಿಸುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಲ್ಲಿ ಸೇರಿದೆ. ಆಗ ಅದು ಹಾರ್ನು, ಲೈಟು, ಬ್ಯಾಟರಿ ಅಂಗಡಿ. ಆಮೇಲೆ ಈ ಡಬ್ಬಿಗಳು ಬಂದವು. ಮೊದಮೊದಲು ದೊಡ್ಡ ಲಾರಿ ಇಟ್ಟವರು ಮಾತ್ರ ಹಾಕಿಸುತ್ತಿದ್ದರು. ಡಬ್ಬಿ ಟಿಫಿನ್ ಕ್ಯಾರಿಯರ್ ಮುಚ್ಚಳದಷ್ಟು ಇರುತ್ತಿತ್ತು, ಕೂರಿಸಲು ಅರ್ಧ ದಿನ ಹಿಡಿಯುತ್ತಿತ್ತು, ನೋಡಲು ಕಂಪ್ಯೂಟರ್ ಬೇಕಿತ್ತು. ಬರಬರುತ್ತಾ ಡಬ್ಬಿ ಚಿಕ್ಕದಾಯಿತು, ಅಗ್ಗವೂ ಆಯಿತು. ಟ್ರಾಕ್ಟರ್‌ನವರು ಬಂದರು. ಶ್ರೀನಿವಾಸಪುರದಿಂದ ಮಾವಿನಕಾಯಿ ಪಿಕಪ್‌ನವರು ಬಂದರು. ಆಮೇಲೆ ಬೈಕಿನವರು. ಈಗ ಬೆಂಕಿಪೊಟ್ಟಣಕ್ಕಿಂತ ಸಣ್ಣದು ಬರುತ್ತದೆ. ಒಳಗೆ ಸಿಮ್ಮು, ಬ್ಯಾಟರಿ, ಅಲುಗಾಡಿದರೆ ತಿಳಿಯುವ ಸೆನ್ಸರು, ಎಲ್ಲಾ ಇರುತ್ತದೆ. ಫೋನಿನ ಕವರು, ಚಾರ್ಜರು ನೇತು ಹಾಕಿದ ಮೊಳೆಗೇ ಅದನ್ನೂ ನೇತು ಹಾಕಿ ಮಾರುತ್ತೇವೆ. ಯಾರು ಬೇಕಾದರೂ ತಗೊಂಡು ಹೋಗಬಹುದು. ಯಾಕೆ ಅಂತ ನಾವು ಕೇಳುವುದಿಲ್ಲ.

ಶಿವಾರಪಟ್ಟಣದಿಂದ ವಿಗ್ರಹ ಕೆತ್ತುವವರೊಬ್ಬರು ಬಂದಿದ್ದರು. ದೊಡ್ಡ ವಿಗ್ರಹ ದೂರದ ಊರಿಗೆ ಹೋಗುತ್ತಿತ್ತು, ಅದನ್ನು ಇಟ್ಟ ಮರದ ಪೆಟ್ಟಿಗೆಯೊಳಗೆ ಒಂದು ಹಾಕಬೇಕಂತೆ.

ಭಾಯ್ ನಕ್ಕರು. “ಏನ್ ಆಚಾರ್ರೇ, ದೇವರು ನಮ್ಮುನ್ನೆಲ್ಲಾ ನೋಡ್ಕೊಳ್ತಾನೆ ಅಂತಾರೆ. ನೀವು ದೇವರನ್ನೇ ನೋಡ್ಕೊಳ್ಳಕ್ಕೆ ಬಂದಿದೀರಲ್ಲ?”

“ದೇವರನ್ನಲ್ಲ ಭಾಯ್, ಡ್ರೈವರನ್ನ.”

ಇನ್ನೊಬ್ಬ ಬಂದು ಹೆಂಡತಿಯ ಸ್ಕೂಟರ್ ತಂದು ನಿಲ್ಲಿಸಿದ. “ಅವ್ಳಿಗೆ ಗೊತ್ತಾಗ್ಬಾರ್ದು,” ಅಂದ. ಸೀಟಿನ ಕೆಳಗೆ, ರಬ್ಬರಿನ ಹಿಂದೆ ಕೂರಿಸಿ ಕೊಟ್ಟೆ. ಆಕೆಗೆ ಗೊತ್ತಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಒಳ್ಳೆಯದಕ್ಕೆ ಹಾಕಿದೆನೋ ಕೆಟ್ಟದ್ದಕ್ಕೆ ಹಾಕಿದೆನೋ ಅಂತ ಯೋಚನೆ ಮಾಡಿದವನಲ್ಲ ನಾನು. ಡಬ್ಬಿ ಎಲ್ಲಿದೆ ಅಂತ ಫೋನು ತೋರಿಸಿದರೆ ನನ್ನ ಕೆಲಸ ಮುಗಿಯಿತು.

ಅಪ್ಪನಿಗೆ ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಅಮ್ಮ ಹೋಗಿ ತುಂಬಾ ಕಾಲವಾಯಿತು. ಅಕ್ಕನನ್ನು ನಮ್ಮೂರಿಗೇ ಕೊಟ್ಟಿದ್ದೇವೆ, ಅವಳ ಮನೆ ನಮ್ಮ ಮನೆಗೆ ಗೋಡೆ ಹಂಚಿಕೊಂಡ ಹಾಗೆ ಇದೆ. ಹಗಲು ಅವಳು ನೋಡಿಕೊಳ್ಳುತ್ತಿದ್ದಳು, ರಾತ್ರಿ ನಾನು. ಅವಳಿಗೆ ರೇಷ್ಮೆ ಹುಳದ ಕೆಲಸ, ನಾಲ್ಕು ಹೊತ್ತು ಸೊಪ್ಪು ಹಾಕಬೇಕು. ಕಣ್ಣು ಆ ಕಡೆ ಈ ಕಡೆ ಹೋದರೆ ಅಪ್ಪ ಎದ್ದು ಹೊರಟುಬಿಡುತ್ತಿದ್ದ. ಒಂದು ಸಲ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋಗಿ ಮಾವಿನ ಮಂಡಿಯಲ್ಲಿ ಹಣ್ಣಿನ ರಾಶಿ ಪಕ್ಕ ಕೂತಿದ್ದ. ಗುರುತಿನವರು ಕರೆದುಕೊಂಡು ಬಂದು ಬಿಟ್ಟರು. ನಾನು ಕೈ ಹಿಡಿದರೆ ಮುಖ ನೋಡಿ, “ಎವರ್ರಾ ನುವ್ವು?” ಅಂದ. ನಮ್ಮ ಮನೆಯಲ್ಲಿ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಯಾರೋ ನೀನು ಅಂತ ಹೆತ್ತ ಮಗನನ್ನೇ ಕೇಳಿದ.

ಅವತ್ತೇ ಅಂಗಡಿಯಿಂದ ಒಂದು ಡಬ್ಬಿ ತಂದೆ. ಅಕ್ಕ ಕೈಗೆತ್ತಿಕೊಂಡು ನೋಡಿದಳು.

“ಇದಾ? ಇಷ್ಟೇ ಇಷ್ಟಿದೆ. ಇದು ಅಪ್ಪನ್ನ ಕಾಯುತ್ತಾ?”

“ಲಾರಿ ಕಾಯುತ್ತೆ. ಅಪ್ಪನ್ನ ಕಾಯಲ್ವಾ?”

ಮೊದಲು ಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟಿದೆ. ಕಿತ್ತು ಮೇಕೆ ನೀರು ಕುಡಿಯುವ ತೊಟ್ಟಿಗೆ ಹಾಕಿದ. ಒಣಗಿಸಿ ಅಂಗಿ ಜೇಬಿನಲ್ಲಿಟ್ಟು ಬಾಯಿ ಹೊಲಿದೆ. ಅಂಗಿಯನ್ನೇ ಬಿಚ್ಚಿ ಬೀದಿಯಲ್ಲಿ ಹೋಗುವವನಿಗೆ ಕೊಟ್ಟ. ಆ ದಿನ ಚುಕ್ಕಿ ಹಿಂಬಾಲಿಸಿ ಹೋಗಿ ಒಬ್ಬ ಪಾತ್ರೆ ಮಾರುವವನನ್ನು ಹಿಡಿದೆ. ಅವನು ಹೆದರಿ ಅಂಗಿ ನನ್ನ ಮುಖಕ್ಕೆ ಎಸೆದ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಭಾಯ್ ಒಂದು ದಾರಿ ಹೇಳಿದರು. “ನಿಮ್ಮಪ್ಪ ತಾಯತ ಬಿಚ್ಚಿ ಎಸೀತಾರೇನೋ?”

ಇಲ್ಲ. ಅಪ್ಪನಿಗೆ ತಾಯತ ಅಂದರೆ ಭಯ ಭಕ್ತಿ ಎರಡೂ ಇತ್ತು. ನಮಗೆ ಜ್ವರ ಬಂದರೆ ಮುಳಬಾಗಿಲಿನಲ್ಲಿ ತಾಯತ ಕಟ್ಟುವ ಸಾಹೇಬರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಅವರು ಇನ್ನೂ ಇದ್ದರು, ವಯಸ್ಸಾಗಿತ್ತು. ಅಪ್ಪನನ್ನು ಬೈಕಿನಲ್ಲಿ ಕೂರಿಸಿ, ನನ್ನ ಸೊಂಟಕ್ಕೂ ಅವನ ಸೊಂಟಕ್ಕೂ ಸೇರಿಸಿ ಟವೆಲು ಬಿಗಿದು ಅಲ್ಲಿಗೆ ಹೋದೆ. ಮಾಮೂಲಿ ತಾಯತದ ತಾಮ್ರದ ಗೂಡಿನಲ್ಲಿ ಹಾಕಿದರೆ ಸಿಗ್ನಲ್ ಬರುವುದಿಲ್ಲ. ಅದಕ್ಕೆ ಚರ್ಮದ ಚೀಲ ಮಾಡಿಕೊಡಿ ಅಂತ ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರು ಡಬ್ಬಿ ತಿರುಗಿಸಿ ನೋಡಿದರು.

“ಇದ್ರಲ್ಲಿ ದುವಾ ಇಲ್ಲ ಬೇಟಾ, ಮಷೀನ್ ಇದೆ. ತಾಯತ ಅಂತ ಹೆಂಗ್ ಹೇಳ್ಲಿ ನಾನು?”

“ಸುಮ್ನೆ ಹೇಳಿ ಸಾಬ್. ಇಲ್ದಿದ್ರೆ ಎಸೀತಾನೆ, ಎಲ್ಲಾದ್ರೂ ಹೋಗಿ ಸಾಯ್ತಾನೆ.”

ಕೊನೆಗೆ ಕರಿ ಚರ್ಮದ ಚೀಲ ಹೊಲಿದರು. ಡಬ್ಬಿ ತೆಗೆದು ಚಾರ್ಜಿಗೆ ಹಾಕಲು ಒಂದು ಕಡೆ ಬಿಚ್ಚುವ ಗುಂಡಿ ಇಡಿಸಿದೆ. ಸುಳ್ಳು ತಾಯತ ಕೊಡಲು ಅವರಿಗೆ ಮನಸ್ಸು ಒಪ್ಪಲಿಲ್ಲವೇನೋ, ಒಂದು ಚೀಟಿಯಲ್ಲಿ ಏನೋ ಬರೆದು ಮಡಚಿ ಡಬ್ಬಿಯ ಜೊತೆ ಒಳಗಿಟ್ಟರು. ಅಪ್ಪನ ಕೊರಳಿಗೆ ಕಟ್ಟುವಾಗ, ಹಿರಿಯರೇ ಅಂತ ತೆಲುಗಿನಲ್ಲಿ ಕರೆದು, ಎಲ್ಲರಿಗೂ ಹೇಳುವುದನ್ನೇ ಹೇಳಿದರು.

“ಪೆದ್ದಾಯನಾ, ಇದು ಕೊರಳಲ್ಲೇ ಇರ್ಬೇಕು. ಸಾವಿನ ಮನೆಗೆ, ಸ್ಮಶಾನಕ್ಕೆ ಹೋಗ್ವಾಗ ಮಾತ್ರ ಬಿಚ್ಚಿಡಿ.”

ಅಪ್ಪ ಕೈ ಮುಗಿದು, “ಸರೇ ಸಾಯಿಬು,” ಅಂದ.

ನಾನು ಅದನ್ನು ಕೇಳಿಸಿಕೊಂಡೆ. ತಲೆಗೆ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಅದು. ತಾಯತ ಕಟ್ಟಿಕೊಂಡು ಹೆಣದ ಹತ್ತಿರ ಹೋದರೆ ಅದರ ಶಕ್ತಿ ಹೋಗುತ್ತದೆ. ಹೋಗುವವರು ಮನೆಯ ಮೊಳೆಗೋ ಮರಕ್ಕೋ ನೇತು ಹಾಕಿ ಹೋಗುತ್ತಾರೆ, ಸ್ನಾನ ಮಾಡಿ ಬಂದು ಮತ್ತೆ ಕಟ್ಟಿಕೊಳ್ಳುತ್ತಾರೆ. ಹೆಂಡತಿ ಸತ್ತಿದ್ದು ಮರೆತವನಿಗೆ, ಉಂಡಿದ್ದು ಮರೆಯುವವನಿಗೆ ಇದು ನೆನಪಿರುತ್ತದೆ ಅಂತ ನಾನು ಅಂದುಕೊಳ್ಳಲಿಲ್ಲ.

ಅಪ್ಪ ಗಾರೆ ಕೆಲಸದವನು. ಅದರ ಜೊತೆಗೆ ಇನ್ನೊಂದು ಕೆಲಸವಿತ್ತು. ಊರಲ್ಲಿ ಯಾರೇ ಸತ್ತರೂ ಚಟ್ಟ ಕಟ್ಟಲು ಅಪ್ಪನೇ ಬೇಕು. ಪಕ್ಕದ ಎರಡು ಊರಿನವರೂ ಹೇಳಿಕಳಿಸುತ್ತಿದ್ದರು. ಬಿದಿರು ಇಂತಿಷ್ಟೇ ಉದ್ದ, ಹಗ್ಗ ಇಂಥಲ್ಲೇ ಗಂಟು ಅಂತ ಅವನದೊಂದು ಲೆಕ್ಕ. ಅವನು ಕಟ್ಟಿದ ಚಟ್ಟ ಎಷ್ಟೇ ದೂರ ಹೊತ್ತರೂ ಜಗ್ಗುತ್ತಿರಲಿಲ್ಲ. ಮರೆವು ಬಂದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ಆದರೂ ತಮಟೆ ಸದ್ದು ಕೇಳಿದರೆ ಜಗಲಿಯಿಂದ ಎದ್ದು ನಿಲ್ಲುತ್ತಿದ್ದ.

ತಾಯತ ಕಟ್ಟಿದ ಮೇಲೆ ನಾಲ್ಕು ತಿಂಗಳು ಎಲ್ಲಾ ಚೆನ್ನಾಗಿ ನಡೆಯಿತು. ಎರಡು ಸಲ ಗೆರೆ ದಾಟಿದ, ಎರಡು ಸಲವೂ ನನ್ನ ಫೋನು ಬಡಿದುಕೊಂಡಿತು, ಅಕ್ಕನಿಗೆ ಹೇಳಿ ಹಿಡಿಸಿದೆ. ಊರಿನವರು ಬಂದು ನೋಡಿದರು. ಒಬ್ಬ ತನ್ನ ಹಸುವಿಗೆ ತಗೊಂಡ. ಭಾಯ್ ಅಂಗಡಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, “ಇವ್ನು ಸ್ವಂತ ಅಪ್ಪನಿಗೇ ಹಾಕಿದಾನೆ, ನೋಡಿ,” ಅನ್ನುತ್ತಿದ್ದರು. ನಾನೂ ಬೀಗಿದೆ. ದಿನಕ್ಕೆ ಹತ್ತು ಸಲ ಫೋನು ನೋಡುತ್ತಿದ್ದೆ. ಮನೆಗೆ ಹೋದಾಗ ಅಪ್ಪನ ಮುಖ ಅಷ್ಟು ಸಲ ನೋಡುತ್ತಿರಲಿಲ್ಲ.

ಅಕ್ಕ ಎರಡನೇ ಸಲ ಫೋನು ಮಾಡಿದಾಗ ಹನ್ನೆರಡು ದಾಟಿತ್ತು.

“ಎಲ್ಲಾ ಕಡೆ ನೋಡ್ದೆ ಕಣೋ. ಮೆದೆ ಹಿಂದೆ, ಬಚ್ಚಲು, ಹುಳದ ಮನೆ. ಇಲ್ಲ. ಬೆಳಿಗ್ಗೆ ರೋಡಲ್ಲಿ ಒಂದು ಹೆಣ ಹೋಯ್ತು, ತಮಟೆ ಹೊಡ್ಕೊಂಡು. ಅದ್ರ ಹಿಂದೆ ಹೋದ್ನೇನೋ. ನಾನು ಕೆರೆ ಹತ್ರ ಸ್ಮಶಾನದ ಕಡೆ ಹೋಗಿ ನೋಡ್ಕೊಂಡು ಬರ್ಲಾ?”

ಚುಕ್ಕಿ ನೋಡಿದೆ. ಹಿತ್ತಲಲ್ಲೇ ಇತ್ತು. ಮೂವಿಂಗ್.

“ಬೇಡ. ನೀನು ಆ ಕಡೆ ಹೋಗು, ಅವ್ನು ಈ ಕಡೆಯಿಂದ ಹೊರಡ್ತಾನೆ. ಹಿತ್ತಲಲ್ಲೇ ಇದಾನೆ, ಅಲ್ಲಾಡ್ತಾ ಇದಾನೆ ಅಂತ ತೋರಿಸ್ತಾ ಇದೆ. ಮಲಗಿ ಒದ್ದಾಡ್ತಾ ಇದ್ರೆ? ಬೇಲಿ ಸಂದೀಲಿ ನೋಡು.”

“ನನ್ ಕಣ್ಣಿಗೆ ಕಾಣ್ತಿಲ್ವಲ್ಲೋ!”

“ನಿನ್ ಕಣ್ಣು ಸರಿ ಇದ್ರೆ ನಾನ್ಯಾಕೆ ಮಷೀನ್ ತರ್ತಿದ್ದೆ?”

ಹೀಗೇ ಅಂದೆ. ಮಾತು ಬದಲಾಯಿಸಿ ಬರೆಯಬಹುದಿತ್ತು, ಬರೆದಿಲ್ಲ. ಲಾರಿ ಮಾಲೀಕ ಪಕ್ಕದಲ್ಲಿದ್ದ, ಲೋಡಿಗೆ ಹೊತ್ತಾಗುತ್ತಿದೆ ಅಂತ ಬೈಯುತ್ತಿದ್ದ. ನನಗೂ ಸಿಟ್ಟು ಬಂದಿತ್ತು.

ಮೂರನೇ ಸಲ ಒಂದೂವರೆಗೆ ಮಾಡಿದಳು. ಇಲ್ಲ ಕಣೋ ಅಂತ ಬರೀ ಅತ್ತಳು. ಆಗ ಭಾಯ್ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು, “ಪೋನ್ ಗೀನ್ ನೋಡ್ಕೊಂಡು ಕೂರೋದು ನಕ್ಕೋ ರೇ, ಬೇಡ. ಹೋಗು ಮನೆಗೆ,” ಅಂದರು.

ಬೈಕು ನಮ್ಮ ಬೀದಿಗೆ ಬಂದಾಗ ಗಂಟೆ ಎರಡು ದಾಟಿತ್ತು. ಸೀದಾ ಹಿತ್ತಲಿಗೆ ನಡೆದೆ. ಫೋನು ಕೈಯಲ್ಲಿ ಹಿಡಿದೇ ಹೋದೆ. ಚುಕ್ಕಿಯೂ ನಾನೂ ಒಂದೇ ಜಾಗದಲ್ಲಿದ್ದೆವು. ಅಲ್ಲಿ ನುಗ್ಗೆ ಮರವಿತ್ತು. ತಲೆ ಎತ್ತಿದೆ. ಕೈ ಚಾಚಿದರೆ ಸಿಗುವಷ್ಟು ಮೇಲಿನ ಕೊಂಬೆಗೆ ದಾರ ಸುತ್ತಿ ಅಪ್ಪ ತಾಯತ ನೇತು ಹಾಕಿದ್ದ. ನುಗ್ಗೆಕಾಯಿಗಳ ನಡುವೆ ಕರಿ ಚೀಲ ಗೊತ್ತೇ ಆಗುತ್ತಿರಲಿಲ್ಲ. ಗಾಳಿಗೆ ಆಡುತ್ತಿತ್ತು. ಅದಕ್ಕೇ ಮೂವಿಂಗ್.

ಅಕ್ಕ ನನ್ನ ಹಿಂದೆ ನಿಂತಿದ್ದಳು. ಅವಳೂ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆಯ ಕಡೆ ಓಡಿದಳು. ನಾನು ಬೈಕು ತಿರುಗಿಸಿ ಪಕ್ಕದೂರಿಗೆ ಹೋದೆ. ಸತ್ತಿದ್ದವರು ಆ ಊರಿನವರು, ಅವರ ಸ್ಮಶಾನ ನಮ್ಮ ಕೆರೆ ಅಂಚಿನಲ್ಲಿದೆ.

ಸಾವಿನ ಮನೆ ಮುಂದೆ ಶಾಮಿಯಾನ ಇನ್ನೂ ಇತ್ತು. ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಒಬ್ಬ ಅಣ್ಣ ಅಲ್ಲಿ ಕೂತಿದ್ದ.

“ಬಂದಿದ್ರಪ್ಪ ನಿಮ್ಮಪ್ಪ. ನಿಮ್ಮೂರ್ ಹತ್ರ ಸೇರ್ಕೊಂಡ್ರು. ನೀನೋ ನಿಮ್ಮಕ್ಕನೋ ಜೊತೇಲಿ ಬಂದಿದೀರಿ ಅಂದ್ಕೊಂಡ್ವಿ. ದಾರೀಲಿ ಚಟ್ಟ ಒಂದ್ ಕಡೆ ಜಗ್ತು. ನಿಲ್ಸಿ ಅಂದ್ರು, ತಾವೇ ಬಿಗಿದು ಗಂಟು ಹಾಕಿದ್ರು. ನಮ್ಗೆಲ್ಲಾ ಖುಷಿ ಆಯ್ತು, ಯಜಮಾನ್ರು ಸರಿ ಹೋಗಿದಾರೆ ಅಂತ.”

“ಆಮೇಲೆ?”

“ಮಣ್ಣು ಕೊಟ್ಟು ಎಲ್ರೂ ಹೊರಟ್ವಿ. ಬೋರಿನ ಹತ್ರ ಕೈಕಾಲು ತೊಳೆದ್ವಿ. ಅವ್ರು ಹಿಂದೆ ಬರ್ತಾ ಇದಾರೆ ಅಂತಾನೇ…”

“ನೋಡ್ಲಿಲ್ವಾ?”

ಆ ಅಣ್ಣ ನನ್ನ ಮುಖ ನೋಡಿದ. “ಮಣ್ಣು ಕೊಟ್ಟು ಬರೋರು ತಿರುಗಿ ನೋಡೋ ಹಂಗಿಲ್ವಲ್ಲಪ್ಪ.”

ಅಷ್ಟು ಜನ ಹೋಗಿದ್ದರು. ಒಬ್ಬರೂ ತಿರುಗಿ ನೋಡಿರಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ನಾನು ಹೋಗಿದ್ದರೂ ತಿರುಗಿ ನೋಡುತ್ತಿರಲಿಲ್ಲ.

ಕೆರೆಯ ಹತ್ತಿರ ಹೋದಾಗ ಅಕ್ಕ ಕಟ್ಟೆಯ ಮೇಲೆ ಕೂತು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಳು. ಅವಳ ಮುಂದೆ ಅಪ್ಪನ ಚಪ್ಪಲಿ, ಅಂಗಿ, ಮಡಚಿಟ್ಟ ಪಂಚೆ. ಹಳೆಯ ಕಾಲದವರು ಮಣ್ಣಿಗೆ ಹೋದರೆ ಕೆರೆಯಲ್ಲಿ ಮುಳುಗಿ ಎದ್ದೇ ಮನೆಗೆ ಬರುತ್ತಿದ್ದರು. ಅಪ್ಪ ಅದನ್ನೇ ಮಾಡಲು ಇಳಿದಿದ್ದಾನೆ. ಅವನಿಗೆ ನೆನಪಿದ್ದಿದ್ದು ಮೊಣಕಾಲುದ್ದ ನೀರಿನ ಕೆರೆ. ಅದು ಎಷ್ಟೋ ವರ್ಷ ಒಣಗಿತ್ತು, ಆಗ ಜೆಸಿಬಿ ತಂದು ಮಣ್ಣು ತೆಗೆದು ಆಳದ ಗುಂಡಿ ಮಾಡಿದ್ದರು. ಆಮೇಲೆ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಪೈಪಿನಲ್ಲಿ ಬಂತು, ಕೆರೆ ತುಂಬಿತು, ಗುಂಡಿಗಳು ಒಳಗೇ ಉಳಿದವು. ನಮಗೆಲ್ಲ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ, ಅಥವಾ ಮರೆತಿತ್ತು.

ಈಜು ಬರುವವರು ಇಳಿದರು. ನಾಲ್ಕು ಗಂಟೆ ಹೊತ್ತಿಗೆ ಸಿಕ್ಕಿದ. ದಡದಿಂದ ಹತ್ತು ಹೆಜ್ಜೆ ಇರಲಿಲ್ಲ. ಸೊಂಟದ ಉಡಿದಾರ ಬಿಟ್ಟರೆ ಮೈಮೇಲೆ ದಾರ ಇರಲಿಲ್ಲ.

ಪೊಲೀಸಿನವರು ಬಂದು ಬರೆದುಕೊಂಡರು. ಎಷ್ಟು ಹೊತ್ತಿಗೆ ಮನೆ ಬಿಟ್ಟರು ಅಂತ ಕೇಳಿದರು. ನನ್ನ ಫೋನಿನಲ್ಲಿ ಅವತ್ತಿನ ಓಡಾಟವೆಲ್ಲ ಇರುತ್ತದೆ, ತೆಗೆದು ತೋರಿಸಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ನುಗ್ಗೆ ಮರದ ಹತ್ತಿರ ಗೀಚಿದ ಹಾಗೆ ಒಂದು ಹಸಿರು ಉಂಡೆ ಇತ್ತು.

“ಇದ್ರ ಪ್ರಕಾರ ನಿಮ್ಮ ತಂದೆ ಮನೇಲೇ ಇದ್ರಲ್ಲ?” ಅಂದರು ಬರೆಯುತ್ತಿದ್ದವರು.

“ಹೂಂ ಸಾರ್,” ಅಂದೆ.

ಹನ್ನೊಂದು ದಿನ ಕಳೆದ ಮೇಲೆ ಅಂಗಡಿಗೆ ಹೋದೆ. ಭಾಯ್ ಟೀ ತರಿಸಿದರು. ನಿನ್ನ ತಪ್ಪಲ್ಲ ಅಂದರು. ಲಾರಿಗೆ ಹಾಕಿದ್ದು ಲಾರಿ ಬಿಚ್ಚಿಡುವುದಿಲ್ಲ, ಮನುಷ್ಯ ಬಿಚ್ಚಿಡುತ್ತಾನೆ ಅಂದರು. ಸರಿ ಅಂದೆ. ಮುಳಬಾಗಿಲಿನ ಸಾಹೇಬರು ಯಾರಿಂದಲೋ ತಿಳಿದು ಮನೆಗೆ ಬಂದು, ಜಗಲಿ ಮೇಲೆ ಕೂತು, ನನ್ನ ಕಡೆ ನೋಡದೆ ಹೋದರು. ಯಾವತ್ತೂ ಬಿಚ್ಚಬೇಡಿ ಅಂತ ತಾವು ಹೇಳಬೇಕಿತ್ತು ಅಂತ ಅಕ್ಕನ ಹತ್ತಿರ ಅತ್ತರಂತೆ. ಪಾಪ, ಅವರು ಹೇಳಿದ್ದು ಸರಿಯಾಗೇ ಇತ್ತು. ತಾಯತ ಅಲ್ಲದ್ದನ್ನು ತಾಯತ ಅಂತ ಹೇಳಿಸಿದವನು ನಾನು. ಅಪ್ಪ ಅದನ್ನು ನಂಬಿ ಮರ್ಯಾದೆ ಕೊಟ್ಟ.

ಅಕ್ಕ ಒಂದೇ ಸಲ ಅದರ ಬಗ್ಗೆ ಮಾತಾಡಿದಳು. ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

“ಮೂರ್ ಸಲ ಹೇಳ್ದೆ, ಇಲ್ಲ ಅಂತ. ಕೆರೆ ಹತ್ರ ಹೋಗ್ತೀನಿ ಅಂದೆ. ಹನ್ನೆರಡು ಗಂಟೆಗೆ ಹೋಗಿದ್ರೆ ಇರ್ತಿದ್ನೇನೋ.”

“ಗೊತ್ತಿಲ್ಲಕ್ಕ.”

“ನಾನು ಕಣ್ಣಾರೆ ನೋಡಿ ಹೇಳ್ತಿದ್ದೆ ಕಣೋ. ನೀನು ಕೋಲಾರದಲ್ಲಿ ಕೂತ್ಕೊಂಡು ನನ್ಗೆ ಕಣ್ಣಿಲ್ಲ ಅಂದೆ.”

ತಟ್ಟೆಯ ತುಂಬ ಹುಳ ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಅವಳು ಮುಂದಿನ ತಟ್ಟೆಗೆ ಹೋದಳು. ಅವತ್ತಿನಿಂದ ಊಟ ಹಾಕುತ್ತಾಳೆ, ಬಟ್ಟೆ ಒಗೆದು ಇಡುತ್ತಾಳೆ, ಮಾತಾಡುವುದಿಲ್ಲ. ಫೋನೂ ಮಾಡುವುದಿಲ್ಲ. ಬೇಕಾದ್ದನ್ನು ಭಾವನ ಕೈಯಲ್ಲಿ ಹೇಳಿಸುತ್ತಾಳೆ.

ನಾನು ಈಗಲೂ ಅದೇ ಕೆಲಸ ಮಾಡುತ್ತೇನೆ. ಬೇರೆ ಕೆಲಸ ಬರುವುದಿಲ್ಲ. ಮೊನ್ನೆ ಒಬ್ಬ ಹೆಂಗಸು ಬಂದು ತನ್ನ ಅತ್ತೆಗೆ ಮರೆವು, ಒಂದು ಡಬ್ಬಿ ಕೊಡಿ ಅಂದರು. ಕೊಟ್ಟೆ. ಸಿಮ್ಮು ಹಾಕಿ, ಗೆರೆ ಎಳೆದು, ಚಾರ್ಜು ಮಾಡುವುದು ಹೇಗೆ ಅಂತ ತೋರಿಸಿದೆ. ಇದು ಇದ್ದರೆ ಭಯ ಇಲ್ಲ ತಾನೆ ಅಂತ ಕೇಳಿದರು. ಭಯ ಇರಲಿ, ನಿಮ್ಮತ್ತೆ ಕಾಣದಿದ್ದರೆ ಮೊದಲು ಹೋಗಿ ಹುಡುಕಿ, ಫೋನು ಆಮೇಲೆ ನೋಡಿ ಅಂದೆ. ಭಾಯ್ ನನ್ನ ಮುಖ ನೋಡಿದರು. ಆಕೆ ತಗೊಂಡು ಹೋದರು.

ಇಷ್ಟೇ. ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.